ಗೊಂಬೆಯಾಟ ಮರೆತ ಮಂಗಳ

ಬಲು ಹಿಂದೆ, ಹೊನ್ನಾಡಿ ಎಂಬ ರಾಜ್ಯದಲ್ಲಿ ಎಲ್ಲವೂ ಇತ್ತು, ಮಂಗಳದ ಹಾಡೊಂದೇ ಇರಲಿಲ್ಲ. ಅದನ್ನು ಹಾಡದೆ ಅಲ್ಲಿ ಯಾವ ಆಟವೂ ಮುಗಿಯುತ್ತಿರಲಿಲ್ಲ, ಯಾವ ಯುದ್ಧವೂ ನಿಲ್ಲುತ್ತಿರಲಿಲ್ಲ.

ಹಾಡನ್ನು ಕದ್ದವನು ಧೂಮಾಕ್ಷನೆಂಬ ಮಾಂತ್ರಿಕ. ರಣಭೇರಿಯ ಸದ್ದೇ ಅವನ ಊಟ. ಹೊನ್ನಾಡಿಯವರಿಗೆ ರಾಗ ನೆನಪಿತ್ತು, ಮಾತು ಮರೆತಿತ್ತು. ಜೋಗುಳದಲ್ಲೂ ಭೇರಿಯ ಪೆಟ್ಟೇ ಕೇಳುತ್ತಿತ್ತು. ಮದುವೆ ಹಾಡಿನಲ್ಲಿ ಬೀಗರನ್ನು ಸೆರೆಹಿಡಿಯುತ್ತಿದ್ದರು. ಕೆಲವರಿಗೆ ಅದು ಇಷ್ಟವೂ ಆಗಿತ್ತೆನ್ನಿ.

ಗೊಂಬೆಯಾಡಿಸುವ ಕೆಂಚಮ್ಮ ದಿನವೂ ಯುದ್ಧದ ಆಟವನ್ನೇ ಆಡಿಸುತ್ತಿದ್ದಳು. ಜನ ಬೇರೇನೂ ಕೇಳುತ್ತಿರಲಿಲ್ಲ. ಅವಳ ಗಂಡ ಲಕ್ಕಣ್ಣ ಹೊಳೆಯಾಚೆಯವರ ಮೇಲಿನ ಯುದ್ಧಕ್ಕೆ ಹೋದವನು ಬಂದಿರಲಿಲ್ಲ.

ಒಂದು ಸಂಜೆ ಶತ್ರುರಾಜನ ಗೊಂಬೆ ಬಾಯಿ ಬಿಟ್ಟಿತು.

"ಎಷ್ಟು ಸಲ ನನ್ನ ಸಾಯಿಸ್ತೀಯ ಕೆಂಚಮ್ಮ? ಮಂಗಳ ಹಾಡು. ಲಕ್ಕಣ್ಣನೂ ಬರ್ತಾನೆ."

"ಮಾತೇ ಮರೆತುಹೋಗಿದೆಯಲ್ಲಪ್ಪ."

"ಹೊಳೆ ಕಡೆ ಹೋಗಿ ಹುಡುಕು."

ಕೆಂಚಮ್ಮ ಗೊಂಬೆಪೆಟ್ಟಿಗೆ ಹೊತ್ತು ಹೊರಟಳು. ದಾರಿಯಲ್ಲಿ ಕಲ್ಲಾನೆ ಅಡ್ಡ ನಿಂತಿತು. "ಈ ಕಡೆಯವರು ಗೆಲ್ಲೋ ಆಟ ತೋರಿಸು, ದಾರಿ ಬಿಡ್ತೀನಿ." ತೋರಿಸಿದಳು. ಬಿಟ್ಟಿತು.

ಮುಂದೆ ಎರಡು ತಲೆಯ ಹದ್ದು ಅಡ್ಡ ಬಂತು. ಒಂದು ತಲೆ ಈ ಕಡೆಯವರು ಗೆಲ್ಲಲಿ ಎಂದಿತು, ಇನ್ನೊಂದು ಆ ಕಡೆಯವರು ಎಂದಿತು. ಅವಳು ಆಟ ಶುರುಮಾಡುವ ಮೊದಲೇ ಎರಡೂ ತಲೆಗಳು ಒಂದನ್ನೊಂದು ಕುಕ್ಕತೊಡಗಿದವು. ಕೆಂಚಮ್ಮ ಸದ್ದಿಲ್ಲದೆ ದಾಟಿಕೊಂಡಳು.

ಹೊಳೆಯ ದಡದಲ್ಲಿ ಶತ್ರುಸೈನ್ಯದ ಕಾವಲುಗಾರ ಬೊಮ್ಮಯ್ಯ ಈಟಿ ಹಿಡಿದು ನಿಂತಿದ್ದ.

"ಅಕ್ಕ, ಯಾರೂ ಸಾಯದ ಆಟ ಇದ್ರೆ ತೋರಿಸು. ಸಾಯೋದನ್ನ ದಿನಾ ನೋಡ್ತೀನಿ."

ಕೆಂಚಮ್ಮನಿಗೆ ಕಣ್ಣು ತುಂಬಿತು. "ಅಂಥ ಆಟ ನನಗೆ ಬರಲ್ಲ ತಮ್ಮಾ. ಸತ್ತವರನ್ನ ಎಬ್ಬಿಸಿ ನಿಲ್ಲಿಸೋದು ಗೊತ್ತು, ಅಷ್ಟೆ."

ಅವಳು ಪೆಟ್ಟಿಗೆಯಲ್ಲಿ ಬಿದ್ದಿದ್ದ ಗೊಂಬೆಗಳನ್ನೆಲ್ಲ ಎತ್ತಿ, ಎರಡೂ ಕಡೆಯವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಮಾತಿಲ್ಲದ ರಾಗ ಗುನುಗಿದಳು. ಬೊಮ್ಮಯ್ಯನ ಕೈಯಿಂದ ಈಟಿ ಜಾರಿತು.

"ಇದೇ ರಾಗ ಅಕ್ಕ! ನಮ್ಮ ಕಡೆ ಮಾತು ಉಳಿದಿದೆ, ರಾಗ ಕಳೆದುಹೋಗಿತ್ತು."

ಮಾಂತ್ರಿಕ ಅಲ್ಲಿ ರಾಗ ಕದ್ದು, ಇಲ್ಲಿ ಮಾತು ಕದ್ದಿದ್ದ. ಇಬ್ಬರೂ ಸೇರಿ ಹಾಡಿದರು:

"ಬಿದ್ದವರು ಏಳಲಿ, ಹೋದವರು ಬರಲಿ,
ಈ ಮನೆಗೂ ಮಂಗಳ, ಆ ಮನೆಗೂ ಮಂಗಳ."

ಎರಡೂ ದಂಡಿನ ಭೇರಿಗಳು ಬಿರಿದವು. ಊಟವಿಲ್ಲದ ಧೂಮಾಕ್ಷ ಹೊಗೆಯಾಗಿ ಹೋದ. ಸೈನಿಕರು ಮನೆಯ ದಾರಿ ಹಿಡಿದರು. ಸೊರಗಿದ ಲಕ್ಕಣ್ಣ ಬಾಗಿಲಿಗೆ ಬಂದಾಗ ಕೆಂಚಮ್ಮ ಮೊದಲು ಹೊಳೆಯ ಕಡೆ ತಿರುಗಿ ಕೈಮುಗಿದಳು, ಆಮೇಲೆ ಗಂಡನ ಕೈ ಹಿಡಿದಳು.

ಹೊನ್ನಾಡಿಯಲ್ಲಿ ಈಗಲೂ ಯುದ್ಧದ ಆಟ ಆಡುತ್ತಾರೆ, ಮಕ್ಕಳು ಕೇಕೆ ಹಾಕುತ್ತಾರೆ. ಆದರೆ ಮಂಗಳಕ್ಕೆ ಹೊಳೆಯಾಚೆಯಿಂದ ಒಬ್ಬರು ಬರಲೇಬೇಕು. ಅವರಿಗಾಗಿ ಚಾಪೆ ಹಾಸಿ, ಬೆಲ್ಲ ನೀರು ಇಟ್ಟು, ಊರೆಲ್ಲ ಸುಖವಾಗಿ ಕಾಯುತ್ತದೆ.