ಮೂರು ಗಂಟೆಯ ಬಿಸಿಲು

"ಅಯ್ಯೋ ಅತ್ತೆ... ಏನು ಮಾಡ್ಬಿಟ್ರಿ!"

ತಾರಸಿಯ ಬಾಗಿಲಲ್ಲೇ ಸೊಸೆ ಕುಸಿದು ಕುಳಿತಳು. ಮನೆಗೆ ಅಂಟಿಕೊಂಡಿದ್ದ, ಬಟ್ಟೆಗೆ ಬಣ್ಣ ಹಾಕುವ ಅವರ ಕಾರ್ಖಾನೆಯ ಕೊಳೆನೀರಿನ ಕೆಂಪು ಬಣ್ಣ ಸುಣ್ಣಕ್ಕೂ ಜಗ್ಗದು, ಮರಳಿಗೂ ಜಗ್ಗದು. ಆರು ತಿಂಗಳು ಒದ್ದಾಡಿ ಅವಳು ಇಳಿಜಾರಾದ ತಟ್ಟೆಗಳಿಗೆ ಒಂದು ಬಿಳಿ ಪುಡಿ ಅಂಟಿಸಿ, ಅದರ ಮೇಲೆ ನೀರು ತೆಳ್ಳಗೆ ಹರಿಯುವಂತೆ ಮಾಡಿ, ಗಾಜು ಮುಚ್ಚಿದ್ದಳು. ಬಿಸಿಲು ಬಿದ್ದರೆ ಸಾಕು, ಪುಡಿ ಚುರುಕಾಗಿ ಆ ಹಟಮಾರಿ ಬಣ್ಣವನ್ನು ಒಡೆದು ಹಾಕುತ್ತಿತ್ತು. ಆದರೆ ಬಿಸಿಲು ಬೀಳಬೇಕಲ್ಲ! ಅತ್ತೆ ಬೆಳಿಗ್ಗೆಯೇ ಮನೆಯ ಹೊದಿಕೆಗಳನ್ನೆಲ್ಲ ಒಗೆದು ಆ ಗಾಜಿನ ಮೇಲೆ ಹರವಿದ್ದರು.

"ಇಷ್ಟು ಒಳ್ಳೇ ಜಾಗ ಸುಮ್ನೆ ಬಿದ್ದಿತ್ತು, ಒಣಗಹಾಕ್ದೆ. ನಿನ್ನ ಗಾಜೇನು ಸವೆದು ಹೋಯ್ತಾ?"

"ನೀರು ಪರೀಕ್ಷೆ ಮಾಡೋ ಅಧಿಕಾರಿ ಇವತ್ತೇ ಬರ್ತಾರೆ! ನೀರು ಕೆಂಪಗಿದ್ರೆ ಕಾರ್ಖಾನೆಗೆ ಬೀಗ ಹಾಕ್ತಾರೆ... ಇನ್ನೂ ಮೂರು ಗಂಟೆ ಬಿಸಿಲು ಬೇಕು ಅತ್ತೆ!"

ಕೆಳಗೆ ಕರೆಗಂಟೆ ಸದ್ದು ಮಾಡಿತು.

ಅತ್ತೆಯ ಮುಖ ಬಿಳಿಚಿಕೊಂಡಿತು. ತೀರಿಹೋದ ಗಂಡ ಕಟ್ಟಿದ ಕಾರ್ಖಾನೆ! ಆದರೆ ಬಾಯಿ ಸೋಲುವ ಹೆಂಗಸಲ್ಲ ಆಕೆ.

"ನೀನು ಹೊದಿಕೆ ತೆಗಿ. ಅವರನ್ನ ನಂಗೆ ಬಿಡು" ಎಂದು ದಡದಡನೆ ಮೆಟ್ಟಿಲಿಳಿದರು.

ಅಧಿಕಾರಿಯನ್ನು ಕುರ್ಚಿಗೆ ಒತ್ತಿ ಕೂರಿಸಿ, ಸೊಸೆಯ ಪುರಾಣ ಬಿಚ್ಚಿಯೇಬಿಟ್ಟರು. "ನನ್ನ ಕರ್ಮ ಕೇಳಿ ಸಾಹೇಬ್ರೆ! ಹಾಲು ಇಟ್ಟರೆ ಉಕ್ಕಿಸ್ತಾಳೆ, ಪಾತ್ರೆ ತೊಳೆದರೆ ಜಿಡ್ಡು ಹೋಗಲ್ಲ..." ಆತ ಏಳಲು ಹೊರಟಾಗಲೆಲ್ಲ ಅತ್ತೆ ಕಣ್ಣೊರೆಸಿಕೊಳ್ಳುವರು. ಅಳುವ ಹಿರಿಯರನ್ನು ಬಿಟ್ಟು ಹೋಗುವುದು ಹೇಗೆ, ಪಾಪ!

ತಾರಸಿಗೆ ಎಲ್ಲವೂ ಕೇಳಿಸುತ್ತಿತ್ತು. ಸೊಸೆ ಹೊದಿಕೆಗಳನ್ನೆಲ್ಲ ಎಳೆದುಹಾಕಿ, ಹಲ್ಲು ಕಚ್ಚಿಕೊಂಡು, ನೀರನ್ನು ಮತ್ತೆ ಮತ್ತೆ ತಟ್ಟೆಗಳ ಮೇಲೆ ಹರಿಸುವ ಪಂಪು ನಡೆಸಿದಳು. ನೀರು ಕೆಂಪಿನಿಂದ ಗುಲಾಬಿಗೆ ಇಳಿಯಿತು.

ಎರಡು ಗಂಟೆ ಕಳೆಯುವಷ್ಟರಲ್ಲಿ, ಸೊಸೆ ಮನೆಗೆ ಬಂದ ಮೂರು ವರ್ಷದ ದೂರುಗಳೆಲ್ಲ ಮುಗಿದುಹೋದವು. ಕೆಳಗೆ ಕುರ್ಚಿ ಸರಿದ ಸದ್ದು. ಸೊಸೆ ಗಾಜಿನೊಳಗೆ ಬಗ್ಗಿ ನೋಡಿದಳು, ನೀರು ಇನ್ನೂ ಗುಲಾಬಿ.

"ಕೂತ್ಕೊಳ್ಳಿ! ಅದು... ಆದ್ರೂ ಒಂದು ಮಾತು ಸಾಹೇಬ್ರೆ." ಅತ್ತೆಯ ದನಿ ತಡವರಿಸಿತು. "ನಮ್ಮ ಯಜಮಾನ್ರು ಹೋದಾಗ ನಾನು ಊಟ ಬಿಟ್ಟಿದ್ದೆ. ಪಕ್ಕದಲ್ಲಿ ಕೂತು ತುತ್ತಿಟ್ಟೋಳು ಅವಳೇ. ಕೆಳಗಿನ ಬೀದಿ ಮಕ್ಕಳು ಈ ವಿಷದ ನೀರು ಮುಟ್ಟಬಾರದು ಅಂತ ಆರು ತಿಂಗಳು ಬಿಸಿಲಲ್ಲಿ ಕರಕಲಾದಳು. ಹೊಟ್ಟೇಲಿ ಹುಟ್ಟಿದ ಮಗನಿಗೂ ಅದು ಹೊಳೀಲಿಲ್ಲ. ಇಷ್ಟು ದಿನ ಬಾಯಿ ತುಂಬ ಬೈದೆನೇ ಹೊರತು..."

ಒಮ್ಮೆ ಶುರುವಾದ ಹೊಗಳಿಕೆ ನಿಲ್ಲಲೇ ಇಲ್ಲ. ಮೇಲೆ ಸೊಸೆ ಗಳಗಳನೆ ಅತ್ತಳು. ಮೂರನೇ ಗಂಟೆ ಮುಗಿದಾಗ ನೀರಿನ ಬಣ್ಣ ಅಳೆಯುವ ಮಾಪಕ ತೆಗೆದು ನೋಡಿದಳು, ಅಂಕಿ ಮಿತಿಯ ಕೆಳಗಿತ್ತು. ನೀರು ತಿಳಿಯಾಗಿತ್ತು, ಕಾರ್ಖಾನೆ ಉಳಿದಿತ್ತು.

ಆದರೂ ಅವಳು ಕೆಳಗೆ ಕೂಗಿ ಹೇಳಲಿಲ್ಲ. ಪಂಪಿನ ಪಕ್ಕದಲ್ಲೇ ಇನ್ನೂ ಅರ್ಧ ಗಂಟೆ ಕುಳಿತು, ಕೇಳುತ್ತಾ ಇದ್ದಳು.