ಹಳದಿ ಕಲ್ಲು ಮತ್ತು ಸೀಗೀ ಹುಣ್ಣಿಮೆ

"ಆ ಕಲ್ಲು ನೆಟ್ಟರ ನಿಮ್ಮ ಕೈ ಮುರೀತೇನಿ!"

ಭತ್ತದ ಗದ್ದೆಯ ಬದುವಿನ ಮೇಲೆ ಓಡಿ ಬಂದ ದಾನೇಶ್ವರಿ ಗಕ್ಕನೆ ನಿಂತಳು. ಹಳದಿ ಬಣ್ಣದ ಗುರುತುಕಲ್ಲು ನೆಡಲು ಸುತ್ತಿಗೆ ಹಿಡಿದವನೂ ತಲೆ ಎತ್ತಿದ.

ಅಯ್ಯೋ... ಇವನಾ!

ಹೋದ ಸೋಮವಾರ ಹಳಿಯಾಳದಿಂದ ಅವಳನ್ನು ನೋಡಲು ಬಂದಿದ್ದ ವರ, ಶರಣಬಸವ. ಮುಂಡಗೋಡದ ಹತ್ತಿರದ ಹಳ್ಳಿ ಇಂದೂರಿನ ಅವಳ ಮನೆಯಲ್ಲಿ ಕೂತು ಎರಡು ಸಲ ಅವಲಕ್ಕಿ ಹಾಕಿಸಿಕೊಂಡಿದ್ದ. 'ಸರ್ವೇ ಕೆಲಸ' ಅಂದಿದ್ದ. ಯಾವ ಸರ್ವೇ ಎಂದು ಯಾರೂ ಕೇಳಿರಲಿಲ್ಲ. ಅವಳಂತೂ ಒಪ್ಪಿಯೇ ಬಿಟ್ಟಿದ್ದಳು!

"ಗ್ಯಾಸ್ ಪೈಪಿನವರ ಮನಶ್ಯಾ ಅಂತ ಯಾಕ ಹೇಳಲಿಲ್ಲ?"

"ನಿಮ್ಮ ಹೊಲದಾಗ ಲೈನ್ ಹೋಗ್ತೈತಿ ಅಂತ ನನಗೂ ಗೊತ್ತಿರಲಿಲ್ಲರೀ... ಇವತ್ತ ನಕಾಶಿ ಕೊಟ್ರು."

"ಸುಳ್ಳು!"

ಅವಳು ಬೆನ್ನು ತಿರುಗಿಸಿ ನಡೆದಳು. ಹಿಂದೆ ಸುತ್ತಿಗೆಯ ಸದ್ದು ಒಂದು ಗಳಿಗೆ ತಡೆದು, ಮತ್ತೆ ಶುರುವಾಯಿತು.

ಅಂದೇ ಸಂಬಂಧ ಬೇಡವೆಂದು ಹೇಳಿ ಕಳಿಸಿದಳು.

ಆಮೇಲೆ ಆ ಕಲ್ಲು ತೆಗೆಸಲು ಬರೀ ಅಲೆದಾಟ. ಮುಂಡಗೋಡದ ತಾಲೂಕು ಕಚೇರಿಯಲ್ಲಿ ಯಾವಾಗ ಹೋದರೂ 'ಸಾಹೇಬರಿಲ್ಲ, ಮುಂದಿನ ವಾರ ಬರ್ರಿ'. ಅಂತೂ ಅಹವಾಲು ಸಭೆ ಕರೆದಾಗ ಅವಳು ಎದ್ದು ನಿಂತಳು.

"ನಾವು ಸಿಲಿಂಡರ್ ಬುಕ್ ಮಾಡಿದ್ರ ಕಾದು ಕಾದು ಒಲಿ ಊದಬೇಕು. ನೀವು ನಮ್ಮ ಗದ್ದಿ ಸೀಳಿ, ಗ್ಯಾಸ್ ಕಡಲದಂಡಿಗೆ ಒಯ್ದು, ಹಡಗಿನಾಗ ಪರದೇಶಕ್ಕ ಕಳಸ್ತೀರಿ. ನಮಗೇನು, ಬರೇ ವಾಸನಿ?"

ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಮೊಬೈಲ್ ನೋಡುತ್ತಿದ್ದರು. ಕಂಪನಿಯವರ ಸಾಲಿನಲ್ಲಿ ಶರಣಬಸವ ತಲೆ ತಗ್ಗಿಸಿ ಕೂತಿದ್ದ.

'ಒಂದು ಮಾತು... ಒಂದೇ ಒಂದು ಮಾತು ಆಡಬಾರದಿತ್ತಾ?'

ಅವನ ಮೇಲೆ ಸಿಟ್ಟು. ಅದಕ್ಕಿಂತ ಹೆಚ್ಚು, ಅವನನ್ನೇ ಹುಡುಕುವ ತನ್ನ ಕಣ್ಣಿನ ಮೇಲೆ.

ಸೀಗೀ ಹುಣ್ಣಿಮೆ ಬಂತು. ಬಸುರಿ ಭೂಮಿತಾಯಿಗೆ ಸೀಮಂತದ ದಿನ. ಅಂದು ಯಾರೂ ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ. ದಾನೇಶ್ವರಿ ಪೈರಿಗೆ ಹಸಿರು ಬಳೆ ಕಟ್ಟುತ್ತಿದ್ದಳು. ಅಜ್ಜಿ ಗುರುಸಿದ್ದವ್ವ ಪಾಂಡವರೆಂದು ಪೂಜಿಸಲು ಐದು ಕಲ್ಲು ಹುಡುಕುತ್ತಿದ್ದಳು.

ಬದುವಿನ ಮೇಲೆ ಶರಣಬಸವ! ಕೈಯಲ್ಲಿ ಅದೇ ಹಳದಿ ಕಲ್ಲು.

"ಇವತ್ತೂ ಬಂದ್ರಾ? ಬಸುರಿ ಹೊಟ್ಟಿ ಮ್ಯಾಲೆ ಕಲ್ಲು ನೆಡಾಕ?"

"ನೆಡಾಕಲ್ಲ... ಕಿತ್ಕೊಂಡು ಬಂದೇನಿ. ಉಳಿದ ಕಲ್ಲು ಇವತ್ತಽ ನೆಟ್ಟು ಮುಗಸು ಅಂದ್ರು ಕಂಪನಿಯವರು. ಊರಾಗ ನಮ್ಮವ್ವನೂ ಹೊಲದ ಪೂಜಾಕ್ಕ ಕುಂತಿರ್ತಾಳ್ರೀ... ನನ್ನ ಕೈಲೆ ಆಗಲಿಲ್ಲ. ಸುತ್ತಿಗಿ ಅವರ ಜೀಪಿನಾಗ ಒಗದು ಬಂದೆ."

ಅವನ ಉಗುರುಗಳ ತುಂಬ ಮಣ್ಣು, ರಕ್ತ.

"ಹಾರೀಲೆ ಮೀಟಿ ಎಬ್ಬಿಸಬಾರದಿತ್ತಾ?"

"ಇವತ್ತ ನೆಲಕ್ಕ ಕಬ್ಬಿಣ ತಾಗಸಬಾರದಲ್ಲರೀ..."

ಅವಳು ಕೈಯಲ್ಲಿದ್ದ ಬಳೆಗಳನ್ನು ಬದುವಿನ ಮೇಲಿಟ್ಟಳು. ಹತ್ತಿರ ಹೋಗಿ ಕೇಳಿದಳು, "ಅವತ್ತ ಸಭಾದಾಗ ಯಾಕ ಬಾಯಿ ಬಿಡಲಿಲ್ಲ?"

"ನೌಕರಿ ಹೋಗ್ತೈತಿ ಅಂತ ಹೆದರಿದ್ದೆ. ಈಗ ನೌಕರಿ ಹೋತು, ಹೆದರಿಕಿನೂ ಹೋತು."

"ಏ ಹುಡುಗಾ, ಆ ಕಲ್ಲು ತಾ ಇಲ್ಲಿ!" ಗುರುಸಿದ್ದವ್ವ ಕೂಗಿದಳು. "ನನಗೊಂದು ಕಮ್ಮಿ ಬಿದ್ದೈತಿ. ಸುಣ್ಣಾ ಬಡದ್ರ ಭೀಮಸೇನ ಆಗ್ತಾನ!"

ದಾನೇಶ್ವರಿ ಅವನ ಬೆರಳುಗಳನ್ನು ಸೆರಗಿನಲ್ಲಿ ಒರೆಸಿದಳು.

"ನಾಳೆ ಬ್ಯಾರೆಯವನ್ನ ಕಳಸ್ತಾರ," ಅವನು ಮೆಲ್ಲಗೆ ಅಂದ. "ಮತ್ತ ನೆಡತಾನ."

"ನೆಡಲಿ."

"ಆಮ್ಯಾಲೆ?"

"ಇಬ್ಬರೂ ಕೂಡಿ ಕೀಳೂಣು..." ಅವಳು ಅವನ ಕೈ ಬಿಡಲಿಲ್ಲ. "ಈಗ ಉಣ್ಣಾಕ ಕೂಡ್ರಿ. ಎರಡು ಸಲ ಹಾಕ್ತೇನಿ."