ಕಟ್ಟೆಗೆ ಬಂದ ಕಡಲ ಮರಳು

೨೦೦೨ರ ಮಾರ್ಚ್ ೧೨ರ ಬೆಳಿಗ್ಗೆ ಮಾದಿಹಳ್ಳಿಯ ಚಲುವಮ್ಮ ಹಳೇಬೀಡು ಠಾಣೆಗೆ ಬಂದಳು. ಕೈಯಲ್ಲಿ ಹಸುವಿನ ಹಗ್ಗವಿತ್ತು. ಹಸು ಇರಲಿಲ್ಲ.

"ನಮ್ ಕಟ್ಟೆಗೆ ಯಾವನೋ ವಿಷ ಹಾಕವ್ನೆ ಸ್ವಾಮಿ. ನೀರು ಕುಡಿದ ಹಸ ನೊರೆ ಕಕ್ಕಿ ಸತ್ತೋಯ್ತು. ಎಳೇ ಕರು ಮನೇಲಿ ಒದರ್ತಾ ಐತೆ."

"ಆ ಹಾಳು ಕಟ್ಟೆಗೆ ಈಗ ಯಾರಮ್ಮ ಹೋಗ್ತಾರೆ?" ಸಬ್ ಇನ್‌ಸ್ಪೆಕ್ಟರ್ ಷಡಕ್ಷರಪ್ಪ ಕೇಳಿದರು.

"ನಲ್ಲಿ ಬಂದ್ಮೇಲೆ ಯಾರೂ ಹೋಗಲ್ಲ. ಆದ್ರೆ ನಮ್ಮಪ್ಪ ತೋಡಿಸಿದ್ದು. ಹಸ ಕರು ಹಾಕಿದ್ರೆ ಅಲ್ಲಿ ಮೈ ತೊಳ್ದು, ಗಂಗೆ ಪೂಜೆ ಮಾಡಿ, ನೀರು ಕುಡಿಸ್ಕೊಂಡು ಬರೋದು ನಮ್ಮನೆ ಪದ್ಧತಿ."

"ಯಾರ ಮೇಲಾದ್ರೂ ಅನುಮಾನ?"

"ಯಾವನೇ ಆಗ್ಲಿ ಬಿಡಬ್ಯಾಡಿ. ಅವನ ಕೈ ಸೇದೋಗ!"

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಗೆ ಬಂದ ಇಬ್ಬರು ಪಂಚರು ಮೂಗಿಗೆ ಟವಲು ಒತ್ತಿಕೊಂಡೇ ನಿಂತರು. ಕಟ್ಟೆಯ ಏರಿಯಿಂದ ನೀರಿನವರೆಗೆ ಮರಳಿನ ರಾಶಿ, ಕಣ್ಣುರಿಸುವ ನಾತ. ಹೆಡ್ ಕಾನ್‌ಸ್ಟೇಬಲ್ ಹನುಮಯ್ಯ ಕೋಲಿನಿಂದ ಕೆದಕಿದಾಗ ಸಣ್ಣ ಚಿಪ್ಪುಗಳು ಹೊರಬಿದ್ದವು.

"ಇದು ಹೊಳೆ ಮರಳಲ್ಲ ಸಾರ್, ಕಡಲಿಂದು."

ಷಡಕ್ಷರಪ್ಪ ಕರಾವಳಿಯ ಠಾಣೆಗಳಿಗೆ ಫೋನು ಮಾಡಿಸಿದರು. ಸಂಗತಿ ಸಿಕ್ಕಿತು. ಹಿಂದಿನ ವಾರ ಒಂದು ಬಂದರಿನಲ್ಲಿ ರಾಸಾಯನಿಕದ ಡ್ರಮ್ಮುಗಳು ಒಡೆದಿದ್ದವು. ದಡದ ಮರಳನ್ನೇ ಒಡ್ಡು ಹಾಕಿ, ಹರಿದದ್ದನ್ನು ಅದಕ್ಕೇ ಹೀರಿಸಿ, ಒಬ್ಬ ಕಂಟ್ರಾಕ್ಟರನ ಲಾರಿಗೆ ತುಂಬಿ ಕಳಿಸಿದ್ದರು. ವಿಷ ನೀರಿಗಿಳಿಯಬಾರದೆಂದು ಬೆಸ್ತರು ಹಗಲೂ ರಾತ್ರಿ ಕಾವಲು ನಿಂತಿದ್ದರಂತೆ. ಕಡಲಿಗೆ ಒಂದು ಹನಿಯೂ ಸೇರಲಿಲ್ಲವೆಂದು ಅಲ್ಲಿನ ಸಾಹೇಬರಿಗೆ ಶಹಬ್ಬಾಸ್‌ಗಿರಿ ಬೇರೆ! ಮರಳು ಎಲ್ಲಿಗೆ ಹೋಯಿತೆಂದು ಒಬ್ಬನೂ ಕೇಳಿರಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕವ್ರೆ ಸಾರ್," ಎಂದ ಹನುಮಯ್ಯ.

ಕಂಟ್ರಾಕ್ಟರನ ಲಾರಿಯ ಡ್ರೈವರು ಮಧುಕುಮಾರ್. ಊರು ಮಾದಿಹಳ್ಳಿ. ಚಲುವಮ್ಮನ ಒಡಹುಟ್ಟಿದ ತಮ್ಮ.

ಮರುದಿನ ಅವನು ಅರಸೀಕೆರೆಯ ಲಾರಿ ಸ್ಟ್ಯಾಂಡಿನಲ್ಲಿ ಸಿಕ್ಕಿದ. ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ.

"ಎಲ್ಲಿಗೆ ಒಯ್ಯೋಕೆ ಹೇಳಿದ್ರು?"

"ಹೇಳ್ಲಿಲ್ಲ ಸಾರ್. ಕಡಲಿಗೆ ಬೀಳಬಾರದು, ಬೇರೆ ಎಲ್ಲಾದ್ರೂ ಸುರಿ ಅಂದ್ರು."

"ಅದಕ್ಕೆ ನಿಮ್ಮಪ್ಪನ ಕಟ್ಟೇನೇ ಬೇಕಿತ್ತೇನೋ?"

"ದಾರೀಲಿ ನಿಲ್ಸಿದ ಕಡೆಯೆಲ್ಲ ಜನ ಅಟ್ಟಿಸ್ಕೊಂಡು ಬಂದ್ರು. ಇಲ್ಲಿ ಕೇಳೋರಿಲ್ಲ ಅಂದ್ಕೊಂಡೆ. ಅಕ್ಕನ ಹಸ ಕರು ಹಾಕಿದ್ದು ಗೊತ್ತಿರ್ಲಿಲ್ಲ ಸಾರ್. ಊರಿಗೆ ಬಂದೇ ವರ್ಷ ಆಗಿತ್ತು."

ಕಂಟ್ರಾಕ್ಟರನನ್ನೂ ಆರೋಪಿ ಮಾಡಿದರು. ಅಷ್ಟರಲ್ಲಿ ಆ ಪುಣ್ಯಾತ್ಮ ನಿರೀಕ್ಷಣಾ ಜಾಮೀನು ತಂದಾಗಿತ್ತು.

ಬಂಧನದ ಸುದ್ದಿಯನ್ನು ಆರೋಪಿಯ ಹತ್ತಿರದ ಸಂಬಂಧಿಗೆ ತಿಳಿಸಿ ರುಜು ಪಡೆಯಬೇಕು. ಮಧುಕುಮಾರನಿಗೆ ಅಕ್ಕನನ್ನು ಬಿಟ್ಟರೆ ಯಾರೂ ಇರಲಿಲ್ಲ. ಚಲುವಮ್ಮನನ್ನು ಕರೆಸಿದರು.

ಅವಳು ತಮ್ಮನ ಮುಖ ನೋಡಲಿಲ್ಲ. ದೂರಿಗೆ ಒತ್ತಿದ್ದ ಹೆಬ್ಬೆಟ್ಟನ್ನೇ ಇದಕ್ಕೂ ಒತ್ತಿದಳು. ತಿರುಗುವಾಗ ಅವನ ಕೈ ಕಣ್ಣಿಗೆ ಬಿತ್ತು. ಬಟ್ಟೆಯನ್ನು ಮೆಲ್ಲಗೆ ಬಿಚ್ಚಿದಳು. ಅಂಗೈಯ ಚರ್ಮ ಸುಲಿದು ಕೀವು ಕಟ್ಟಿತ್ತು.

"ಏನ್ಲಾ ಇದು?"

"ಆ ಮರಳನ್ನ ಬರಿಗೈಲಿ ಎಳೆದು ಹಾಕ್ದೆ ಅಕ್ಕ."

"ಅಯ್ಯೋ ನನ್ನ ಬಾಯಿಗೆ ಮಣ್ಣು ಹಾಕ! ಕೈ ಸೇದೋಗ್ಲಿ ಅಂತ ನಾನೇ ಶಾಪ ಹಾಕಿದ್ನಲ್ಲೋ," ಎಂದು ಚಲುವಮ್ಮ ಸೆರಗಿನ ಅಂಚು ಹರಿದು ಅವನ ಅಂಗೈಗೆ ಸುತ್ತತೊಡಗಿದಳು.